ಕಚೇರಿಯವರು ಕೊಟ್ಟ ಮನೆ

ಹೊಂಕವಾರಾ ಹಳ್ಳಿ
೨೪ ನವೆಂಬರ್ ೧೯೯೬, ಭಾನುವಾರ

ಐಲಾ,

ಎಂಥ ಹೆಂಗಸು ನೀನು? ಬಸ್ಸು ಬರುವವರೆಗೂ ನನ್ನ ಕೈ ಹಿಡಿದುಕೊಂಡು ನಿಂತು, "ನೀವು ಬಂದು ಹೋದದ್ದಕ್ಕೆ ಮಾರ್ಕೆತ್ತಾ ಏನಂದ್ಲು ಅಂತ ತಪ್ಪದೆ ಬರೀತೀನಿ, ಸೈಮಿ ಅಮ್ಮಾ" ಎಂದವಳು ನೀನೇ ತಾನೆ? ಎರಡು ವಾರವಾಯಿತು. ಅಂಚೆಯವನ ಹಳದಿ ಕಾರು ನಮ್ಮ ತಿರುವಿಗೆ ಬಂದಾಗಲೆಲ್ಲ ಕಿಟಕಿಗೆ ಹೋಗಿ ಹೋಗಿ ಗಾಜಿನ ಮೇಲೆ ನನ್ನ ಹಣೆಯ ಗುರುತು ಮೂಡಿದೆ. ಬಂದದ್ದೇನು? ಕರೆಂಟು ಬಿಲ್ಲು, ರೈತರ ಪತ್ರಿಕೆ, ಮತ್ತೆ ಯಾವನೋ ಹಲ್ಲು ಕಟ್ಟುವವನ ಜಾಹೀರಾತು. ನನಗೆ ಉಳಿದಿರುವ ಹಲ್ಲು ಬಯ್ಯುವುದಕ್ಕೆ ಸಾಕು. ನಿನ್ನ ಮನೆಯಲ್ಲಿ ಪೆನ್ನಿಲ್ಲವೋ, ಅಥವಾ ಕಾಗದದಲ್ಲಿ ಬರೆಯಲಾಗದಂಥ ಮಾತನ್ನು ನನ್ನ ಮಗಳು ಆಡಿದಳೋ?

'ನೀವು' ಎಂದು ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಒಂದೇ ಸೌನಾದ ಹಬೆಯಲ್ಲಿ ಕೂತು ನಿನ್ನ ಬೆನ್ನು ತಿಕ್ಕಿಕೊಟ್ಟ ಮೇಲೆ ನನ್ನಿಂದ ಆ ಮರ್ಯಾದೆ ಬರುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ನಗಬೇಡ. ನಾನು ಚಿಕ್ಕವಳಿದ್ದಾಗ ಫಿನ್ಲೆಂಡಿನ ಈ ಮೂಲೆಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ, ಶಾಲೆಯೇ ನಮ್ಮ ಹಳ್ಳಿಗೆ ಬರುತ್ತಿತ್ತು. ಮೇಷ್ಟ್ರು ಯಾರದೋ ಮನೆಯಲ್ಲಿ ಕೆಲವು ವಾರ ಪಾಠ ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದರು. ಅವರು ತಿರುಗಿ ಬರುವ ಹೊತ್ತಿಗೆ ನಾವು ಕಲಿತದ್ದೆಲ್ಲ ಹಸುವಿನ ಹಿಂದೆ ಹೋಗಿ ಮುಗಿದಿರುತ್ತಿತ್ತು. ಅದಕ್ಕೇ ಸರ್ಕಾರದವರ ಮಾತು ನನ್ನ ತಲೆಗೆ ನಿಧಾನವಾಗಿ ಹೋಗುತ್ತದೆ. ಮಾರ್ಕೆತ್ತಾ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಪೀಯಾ ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಆದರೆ ಅವರಿಬ್ಬರ ಸುದ್ದಿಯನ್ನು ನಾನು ನಿನ್ನನ್ನು ಕೇಳಿ ತಿಳಿಯಬೇಕು. ತಿಂಗಳಿಗೊಂದು ಶನಿವಾರ, ಭಾನುವಾರ ಮಗುವನ್ನು ಇಟ್ಟುಕೊಳ್ಳಲು ಊರಾಡಳಿತದ ಕಲ್ಯಾಣ ಕಚೇರಿಯವರು ಗೊತ್ತುಮಾಡಿದ ಮನೆಯವಳು ನೀನು. ಬೇಸಿಗೆಯವರೆಗೆ ನಮ್ಮ ಹೆಸರು ನಿನಗೆ ಗೊತ್ತಿರಲಿಲ್ಲ, ಸೆಪ್ಟೆಂಬರಿನವರೆಗೆ ನೀನೊಬ್ಬಳಿದ್ದೀಯ ಎಂದೇ ನನಗೆ ಗೊತ್ತಿರಲಿಲ್ಲ. ಇದು ಯಾವ ಲೆಕ್ಕದ ಸಂಬಂಧ? ನನಗೆ ತಿಳಿಯುತ್ತಿಲ್ಲ ಐಲಾ, ನಿಜವಾಗಿಯೂ ತಿಳಿಯುತ್ತಿಲ್ಲ.

ಅಂದು ನಿನ್ನ ಮನೆಗೆ ಬಂದಾಗ ನೀನು ನನ್ನ ಹತ್ತಿರ ಕೇಳಿದೆಯಲ್ಲ, ಆ ಪೆಟ್ಟಿಗೆಯನ್ನು ಯಾಕೆ ಕಳಿಸಿದಿರಿ ಎಂದು. ಮಗುವಿನ ಎದುರು ನಾನು ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಚರ್ಚು ಮುಗಿದ ಮೇಲೆ ಕಾಫಿಗೆ ಕೂತಿದ್ದೆವು. ಪಕ್ಕದ ಮನೆಯ ಲ್ಯೂಲಿ ನನ್ನ ಕಡೆ ಬನ್ನಿನ ತಟ್ಟೆ ಸರಿಸುತ್ತ, "ನಿಮ್ಮ ಪೀಯಾನ ಯಾರದೋ ಮನೆಗೆ ಕೊಟ್ಟಿದ್ದಾರಂತಲ್ಲ, ಪಾಪ. ಕೆರೆ ಆಚೆ ಕುದುರೆ ಇಟ್ಕೊಂಡಿರೋರ ಮನೆ ಅಂತೆ" ಎಂದಳು. ಲ್ಯೂಲಿಯ 'ಪಾಪ' ಎಂಥದೆಂದು ನಿನಗೆ ಗೊತ್ತಿಲ್ಲ, ಅದರಲ್ಲಿ ಬೆಣ್ಣೆಗಿಂತ ಉಪ್ಪು ಜಾಸ್ತಿ. ನಾನು "ಹೌದು, ಗೊತ್ತು" ಎಂದೆ. ಗೊತ್ತಿರಲಿಲ್ಲ. ಮನೆಗೆ ಬಂದವಳೇ ಕೋಟು ಸಹ ತೆಗೆಯದೆ ಫೋನ್ ಮಾಡಿದೆ. ಮಾರ್ಕೆತ್ತಾ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟಿದ್ದಳು. "ಹೂಂ ಅಮ್ಮಾ, ಆಫೀಸಿನವ್ರು ಒಂದು ಕುಟುಂಬ ಕೊಟ್ಟಿದ್ದಾರೆ. ಒಳ್ಳೇ ಜನ. ಅವ್ರಿಗೆ ದುಡ್ಡು ಕೂಡ ಆಫೀಸಿನವ್ರೇ ಕೊಡ್ತಾರೆ. ಬಸ್ಸಿಗೆ ಹೊತ್ತಾಯ್ತು, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಟ್ಟಳು.

ನಾನು ಆಮೇಲೆ ಮಾತಾಡಲಿಲ್ಲ. ಕುಟುಂಬ ಕೊಟ್ಟಿದ್ದಾರೆ, ದುಡ್ಡು ಕೊಡುತ್ತಾರೆ, ಅಷ್ಟು ಕೇಳಿದ್ದೇ ನನ್ನ ಕಿವಿ ಮುಚ್ಚಿಹೋಯಿತು. ನೂಲು ತೆಗೆದು ಕೂತೆ. ಮೂರು ವಾರ ಸೂಜಿ ಕೆಳಗಿಡಲಿಲ್ಲ. ಪೀಯಾಳ ಈಗಿನ ಪಾದಕ್ಕೆ ಒಂದು ಜೊತೆ ಕಾಲುಚೀಲ, ಶಾಲೆ ಸೇರುವಾಗಿನ ಪಾದಕ್ಕೆ ಒಂದು ಜೊತೆ, ಹಾಗೇ ಬೆಳೆಸುತ್ತಾ ಬೆಳೆಸುತ್ತಾ ಚರ್ಚಿನಲ್ಲಿ ದೊಡ್ಡವರ ಸಾಲಿಗೆ ಸೇರುವ ಹುಡುಗಿಯ ಪಾದದವರೆಗೆ ಹೆಣೆದೆ. ಅದರ ಜೊತೆ ಉಣ್ಣೆಯ ಹೊದಿಕೆ, ನನ್ನ ಗಂಡ ಐನೋ ಕೆತ್ತಿದ ಮರದ ಚಮಚ, ಒಣಗಿಸಿದ ರೈ ಹಿಟ್ಟಿನ ರೊಟ್ಟಿ. ಬೇರೆಯವರ ಮನೆಯಲ್ಲಿ ಬೆಳೆಯುವ ಹುಡುಗಿಗೆ ತನ್ನದೆನ್ನುವ ಒಂದು ಚಮಚವಾದರೂ ಇರಲಿ ಎಂದುಕೊಂಡೆ. ಪೆಟ್ಟಿಗೆಗೆ ಹಗ್ಗ ಬಿಗಿದು, ಕೆರೆ ಆಚೆಯ ನಿನ್ನ ಊರಿನ ಹೆಸರು, 'ಕುದುರೆ ಇಟ್ಟವರ ಮನೆ' ಎಂದು ಬರೆದು ಬಸ್ಸಿಗೆ ಹಾಕಿದೆ. ಡ್ರೈವರು ಎತ್ತಿ ನೋಡಿ, "ಏನಜ್ಜಿ, ಮದುವೆ ಸಾಮಾನಾ?" ಎಂದ. ನಿನ್ನ ಕೆಲಸ ನೋಡಿಕೋ ಎಂದೆ.

ನೀನು ಅದನ್ನು ಬಿಚ್ಚಿ, ಮೇಜಿನ ಮೇಲೆ ಕಾಲುಚೀಲಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಇಟ್ಟು ನೋಡಿದೆಯಂತೆ. ನೋಡಿ ಗಾಬರಿಯಾಗಿ ನನ್ನ ಮಗಳಿಗೆ ಫೋನ್ ಮಾಡಿದೆ. ನನಗೆ ಮಾಡಬಹುದಿತ್ತು. ಪೆಟ್ಟಿಗೆಯ ಮೇಲೆ ನನ್ನ ಹೆಸರು ಇತ್ತಲ್ಲ? ಈ ಕೋಪ ನನಗೆ ಇನ್ನೂ ಇಳಿದಿಲ್ಲ, ಹೇಳಿಬಿಟ್ಟೆ.

ಅಂದು ಸಂಜೆ ಮಾರ್ಕೆತ್ತಾ ಫೋನ್ ಮಾಡಿದಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ ಸಮ ಮಾಡುತ್ತಿದ್ದೆ. ಮೆಲ್ಲಗೆ, "ಅಮ್ಮಾ, ಹದಿನೈದು ವರ್ಷದವಳಿಗೆ ಆಗೋ ಕಾಲುಚೀಲ ಯಾಕಮ್ಮ ಅಲ್ಲಿಗೆ ಕಳಿಸ್ದೆ?" ಎಂದು ಕೇಳಿದಳು. "ನನ್ನ ಮಗೂನ ನನ್ನಿಂದ ಕಿತ್ಕೊಂಡಿದ್ದಾರೆ ಅಂದ್ಕೊಂಡ್ಯಾ? ನನ್ನನ್ನ ಒಂದು ಮಾತು ಕೇಳ್ದೆ ನಂಬಿಬಿಟ್ಯಾ? ಮಗು ಕಿತ್ಕೋಬೇಕಾದಂಥ ತಾಯಿ ನಾನು ಅಂತ ನಿನಗೆ ಅಷ್ಟು ಸುಲಭವಾಗಿ ಅನ್ನಿಸ್ತಾ?" ಎಂದಳು.

ಉತ್ತರ ಸಿಗದಾಗ ನಾನು ಬಯ್ಯುತ್ತೇನೆ. ಮಾರ್ಕೆತ್ತಾಳನ್ನೂ ಬಯ್ದೆ: ನಿನ್ನ ಗಂಡ ಸ್ವೀಡನ್ನಿಗೆ ಕೆಲಸಕ್ಕೆಂದು ಹೋಗಿ ಬೇರೆಯವಳ ಅಡುಗೆ ಉಣ್ಣುತ್ತಿದ್ದಾನೆ, ನೀನು ಮಗುವನ್ನು ಊರವರ ಮನೆಗೆ ಹಂಚುತ್ತಿದ್ದೀಯ, ನಾನೇನು ಸತ್ತಿದ್ದೇನಾ, ನನ್ನ ಹತ್ತಿರ ಬಿಡಲು ನಿನಗೇನು ಕಷ್ಟ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು: "ಮಗುಗೆ ಗೂರಲು ಕೆಮ್ಮು ಅಮ್ಮಾ. ಅವಳು ಕೆಮ್ಮಿದಾಗಲೆಲ್ಲ ನಾನು ಎದ್ದು ಕೂರ್ತೀನಿ. ಬೆಳಿಗ್ಗೆ ಕೆಲಸದಲ್ಲಿ ಮೆಷಿನ್ ಮುಂದೆ ನಿಂತ್ಕೊಂಡೇ ನಿದ್ದೆ ಹೋಗಿದ್ದೀನಿ. ಮೊದಲು ಆಫೀಸಿನಲ್ಲಿ, ಮನೆಗೇ ಬಂದು ಸಹಾಯ ಮಾಡೋರು ಬೇಕು ಅಂತ ಕೇಳ್ದೆ. ಅದನ್ನೆಲ್ಲ ನಿಲ್ಲಿಸಿದ್ದೀವಿ, ಈಗ ಮುದುಕರಿಗೆ ಮಾತ್ರ, ದುಡ್ಡಿಲ್ಲ ಅಂದ್ರು. ಇದು ಕೊಡ್ತೀವಿ ಅಂದ್ರು, ತಗೊಂಡೆ. ನಿನ್ನ ಹತ್ರ ಬಿಟ್ರೆ ಪೀಯಾ ಚೆನ್ನಾಗೇ ಇರ್ತಾಳೆ. ಆದ್ರೆ ಕರ್ಕೊಂಡು ಬರೋವಾಗ ನನ್ನ ಮೇಲೆ ಒಂದು ಮೂಟೆ ಬೈಗುಳ ಹೊರಿಸಿ ಕಳಿಸ್ತೀಯ. ಅದನ್ನ ಹೊತ್ಕೊಂಡ್ರೆ ನನಗೆ ನಿದ್ದೆ ಬರಲ್ಲ." ಹೀಗಂದು ಫೋನ್ ಇಟ್ಟಳು. ಆಮೇಲೆ ನಾನು ಮಾಡಿದಾಗಲೆಲ್ಲ ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತದೆ.

ಅದಾದ ಮೇಲೆಯೇ ನಾನು ಹೇಳದೆ ಕೇಳದೆ ನಿನ್ನ ಬಾಗಿಲಿಗೆ ಬಂದು ನಿಂತದ್ದು. ನೀನು ನೋಡಿದ್ದು ಕೋಲು ಹಿಡಿದ, ಮುಖ ಗಂಟಿಕ್ಕಿದ ಒಬ್ಬ ಮುದುಕಿಯನ್ನು. ಒಳಗೆ ಏನು ನಡೆದಿತ್ತೋ ನಿನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಬರುತ್ತ ನಾನು ನಿನ್ನ ಮನೆಯ ತಪ್ಪುಗಳನ್ನೆಲ್ಲ ಮೊದಲೇ ಹುಡುಕಿ ಇಟ್ಟುಕೊಂಡಿದ್ದೆ: ಮಗು ಮೂಲೆಯಲ್ಲಿ ಕೂತಿರುತ್ತಾಳೆ, ಕೈಯಲ್ಲಿ ಪೊರಕೆ ಇರುತ್ತದೆ, ತಟ್ಟೆಯಲ್ಲಿ ಉಳಿದದ್ದು ಇರುತ್ತದೆ. ಬಾಗಿಲು ತೆಗೆದರೆ ಪೀಯಾ ನಿನ್ನ ಗಂಡನ ಬೂಟಿನೊಳಗೆ ಎರಡು ಕಾಲೂ ಹಾಕಿಕೊಂಡು ನಿಂತಿದ್ದಾಳೆ! ನನ್ನನ್ನು ನೋಡಿ, "ಅಜ್ಜೀ! ನೀನೂ ಆಫೀಸಿಂದ ಬಂದ್ಯಾ?" ಎಂದು ಕೇಳಿದಳು. ನೀನು ನಕ್ಕೆ. ನಾನು ನಗಲಿಲ್ಲ. ಮಗುವಿನ ಲೆಕ್ಕದಲ್ಲಿ ಒಳ್ಳೆಯವರೆಲ್ಲ ಕಚೇರಿಯಿಂದ ಬರುತ್ತಾರೆಂದಾಯಿತು.

ನಿಮ್ಮಮ್ಮ ಎಲ್ಲಿ ಎಂದು ಕೇಳಿದೆ. "ಅಮ್ಮ ಇವತ್ತು ಮಲಗ್ತಾಳೆ. ಅದಕ್ಕೇ ನಾನಿಲ್ಲಿ ಬಂದಿರೋದು. ಅವಳು ಮಲಗಿ ಮಲಗಿ ಸಾಕಾದ್ಮೇಲೆ ನನ್ನ ಕರ್ಕೊಂಡು ಹೋಗ್ತಾಳೆ" ಎಂದಳು. ಐದು ವರ್ಷದ ಮಗು ಐಲಾ. ಇಷ್ಟು ಜನ ಸೇರಿ ನನಗೆ ತಿಳಿಸಲಾಗದ್ದನ್ನು ಅವಳು ಬೂಟಿನಲ್ಲಿ ನಿಂತುಕೊಂಡು ತಿಳಿಸಿದಳು. ತಿಳಿಯಿತು ಎಂದುಕೊಂಡೆ. ಮನೆಗೆ ಬರುವ ಹೊತ್ತಿಗೆ ಮತ್ತೆ ಕಲಸಿಹೋಯಿತು.

ಸೌನಾದಲ್ಲಿ ನಾನು ನಿನ್ನನ್ನು ಒಂದು ಮಾತು ಕೇಳಿದೆ: ಈ ಮಗುವಿಗೆ ನಿನಗೆ ಎಷ್ಟು ಕೊಡುತ್ತಾರೆ ಎಂದು. ನೀನು ಕಲ್ಲಿನ ಮೇಲೆ ನೀರು ಎರಚುತ್ತಾ, "ಕುದುರೆ ಹುಲ್ಲಿಗೂ ಸಾಲಲ್ಲ ಬಿಡಿ" ಎಂದು ನಕ್ಕೆ. ನಾನು ಬಿಡಲಿಲ್ಲ. ಬೇರೆಯವರಿಗಿಂತ ಕಡಿಮೆ ಕೇಳಿದೆಯಾ, ಅದಕ್ಕೇ ನಿನಗೆ ಕೊಟ್ಟರಾ ಎಂದೆ. ನಿನ್ನ ಮುಖ ನೋಡಿದರೆ ಆ ಪ್ರಶ್ನೆ ನಿನಗೆ ಅರ್ಥವೇ ಆಗಿರಲಿಲ್ಲ. ನೀನು ಆಮೇಲೆ ಹುಟ್ಟಿದವಳು. ನಿನಗೆ ಹೇಗೆ ಗೊತ್ತಾಗಬೇಕು.

ನನ್ನ ಅಮ್ಮನನ್ನು ಹರಾಜು ಹಾಕಿದ್ದರು ಐಲಾ. ಆಗ ಅವಳಿಗೆ ಏಳು ವರ್ಷ. ಅಪ್ಪ ಅಮ್ಮ ಸತ್ತ ಮಕ್ಕಳನ್ನು ಊರಾಡಳಿತದವರು ಒಂದು ಕೋಣೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈ ಮಗುವನ್ನು ಸಾಕಲು ಊರಾಡಳಿತ ತಮಗೆ ಎಷ್ಟು ಕೊಡಬೇಕು ಎಂದು ರೈತರು ಕೂಗಬೇಕು. ಯಾರು ಎಲ್ಲರಿಗಿಂತ ಕಡಿಮೆ ಕೂಗುತ್ತಾರೋ ಮಗು ಅವರಿಗೆ. ಸಾಮಾನಿನ ಹರಾಜು ಮೇಲಕ್ಕೆ ಹೋಗುತ್ತದೆ, ಮಕ್ಕಳದು ಕೆಳಕ್ಕೆ. ಅಮ್ಮ ಇದನ್ನು ಬದುಕಿನಲ್ಲಿ ಒಂದೇ ಸಲ, ಉಣ್ಣೆ ಹಿಂಜುತ್ತ ಕೂತಾಗ ಹೇಳಿದಳು. ಮುಖ ಎತ್ತಲಿಲ್ಲ. ಆಮೇಲೆ ಎದ್ದು ಹಸುವಿಗೆ ನೀರು ಕೊಡಲು ಹೋದಳು. ತನ್ನದೇ ಮನೆ, ತನ್ನದೇ ಮೇಜು, ಆದರೂ ಸಾಯುವ ತನಕ ಅವಳು ಕೂತು ಉಣ್ಣಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಹತ್ತಿರ ನಿಂತು ಉಣ್ಣುತ್ತಿದ್ದಳು.

ಇದು ಮಾರ್ಕೆತ್ತಾಗೆ ಗೊತ್ತಿಲ್ಲ. ಅವಳಿಗೆ ಅಜ್ಜಿಯ ನೆನಪಿದೆ, ಅಜ್ಜಿ ಯಾಕೆ ಕೂರುತ್ತಿರಲಿಲ್ಲ ಎಂದು ಗೊತ್ತಿಲ್ಲ. ನಾಚಿಕೆಗೆ ಹೇಳಲಿಲ್ಲ. ಈಗ ಹೇಳಬೇಕೆಂದರೆ ಅವಳು ಫೋನ್ ಎತ್ತುವುದಿಲ್ಲ. ಆದ್ದರಿಂದ ಕಂಡವರಿಗೆ ಹೇಳುತ್ತಿದ್ದೇನೆ, ನೋಡು ನನ್ನ ಗತಿ. ನಾನು ನಂಬಿದ್ದು ನನ್ನ ಮಗಳು ಕೆಟ್ಟ ತಾಯಿ ಎಂದಲ್ಲ. ಕಚೇರಿ ಎಂಬುದು ಅಂಥದೇ ಎಂದು ನಂಬಿದೆ. ಈ ಎರಡಕ್ಕೂ ವ್ಯತ್ಯಾಸವಿದೆಯೋ ಇಲ್ಲವೋ, ನೀನು ಓದಿದವಳು, ನೀನೇ ಹೇಳು.

ಇನ್ನು ನನ್ನ ತಲೆ ತಿನ್ನುವ ಸಂಗತಿ ಕೇಳು. ನಾನು ಹಸು ಕಟ್ಟಿದ್ದ ಕಾಲದಲ್ಲಿ ಸರ್ಕಾರ ನನಗೆ ವರ್ಷಕ್ಕಿಷ್ಟು ದಿನ ರಜಾ ಕೊಡುತ್ತಿತ್ತು. ಹಾಲು ಕರೆಯಲು ಬದಲಿ ಹುಡುಗಿಯೊಬ್ಬಳು ಬರುತ್ತಿದ್ದಳು. ನಾನು ಎಲ್ಲಿಗೂ ಹೋಗದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಆ ಕೆಂಚಿಯನ್ನು ಎಡಗಡೆಯಿಂದ ಮುಟ್ಟಬೇಡ, ಈ ಕರಿಯಳನ್ನು ಮೊದಲು ಮಾತಾಡಿಸು ಎನ್ನುತ್ತಿದ್ದೆ. ಅವಳು ತಿರುಗಿ, "ರಜಾ ಕೊಟ್ಟಿರೋದು ನಿಮಗೆ ಕಣಮ್ಮಾ, ಹಸುಗಳಿಗಲ್ಲ. ಒಳಗೆ ಹೋಗಿ" ಎಂದಳು. ಒಳಗೆ ಹೋಗಿ, ಎದ್ದಾಗ ಅಳು ಬರುವಷ್ಟು ನಿದ್ದೆ ಮಾಡಿದೆ. ಹಸುಗಳು ಅವಳಿಗೂ ಹಾಲು ಕೊಟ್ಟವು, ಮಾರನೆಯ ವಾರ ನನಗೂ ಕೊಟ್ಟವು. ಆಗ ಅದರಲ್ಲಿ ನನಗೆ ಅವಮಾನ ಕಾಣಲಿಲ್ಲ. ಹಸುವಿನ ವಿಷಯದಲ್ಲಿ ಸರಿಯಾದದ್ದು ಮಗುವಿನ ವಿಷಯದಲ್ಲಿ ಯಾಕೆ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆ?

ಮತ್ತೆ ಇನ್ನೊಂದು. ಮಾರ್ಕೆತ್ತಾ ಹುಟ್ಟಿದ ಚಳಿಗಾಲ ನನಗೆ ಬಾಣಂತಿ ಜ್ವರ ಬಂತು. ಐನೋ ಕಾಡಿನಲ್ಲಿ ಮರ ಕಡಿಯುವ ಬಿಡಾರದಲ್ಲಿದ್ದ. ಊರಾಡಳಿತದವರು ಮನೆಗೆಲಸದವಳೊಬ್ಬಳನ್ನು ಕಳಿಸಿದರು. ತೊಯಿನಿ ಎಂದು ಹೆಸರು. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಬಂದಳು. ಬಾಗಿಲಲ್ಲೇ ನೀಲಿ ಪಟ್ಟೆಯ ಏಪ್ರನ್ ಕಟ್ಟಿಕೊಂಡಳು. ನನ್ನ ಮನೆ ಆಗ ಹಂದಿಗೂ ಬೇಡವೆನಿಸುವ ಹಾಗಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಅವಳು ಏನನ್ನುತ್ತಾಳೋ ಎಂದು ಕಾಯುತ್ತಿದ್ದೆ. ಅವಳು ಏನೂ ಅನ್ನಲಿಲ್ಲ. ಹಾಲು ಕರೆದಳು, ಮಂಜುಗಡ್ಡೆ ಒಡೆದು ಬಟ್ಟೆ ಜಾಲಿಸಿದಳು, ಬಾರ್ಲಿ ಗಂಜಿ ಮಾಡಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಹೋಗುವ ದಿನದವರೆಗೂ ಒಂದು ಬುದ್ಧಿಮಾತು ಹೇಳಲಿಲ್ಲ. ಅದೇ ಸರ್ಕಾರ, ನನ್ನ ಅಮ್ಮನನ್ನು ಬೆಂಚಿನ ಮೇಲೆ ನಿಲ್ಲಿಸಿದ ಸರ್ಕಾರವೇ, ತೊಯಿನಿಯನ್ನು ನನ್ನ ಬಾಗಿಲಿಗೆ ಕಳಿಸಿತು. ಈಗ ತೊಯಿನಿಯಂಥವರಿಗೆ ದುಡ್ಡಿಲ್ಲವಂತೆ. ಮೊದಲು ಸಹಾಯ ಮನೆಯೊಳಗೆ ಬರುತ್ತಿತ್ತು. ಈಗ ಮಗು ಮನೆಯಿಂದ ಹೊರಗೆ ಹೋಗುತ್ತದೆ. ಇದರಲ್ಲಿ ಯಾವುದು ಸರಿ, ಯಾವುದು ಅಗ್ಗ, ಇಡೀ ಫಿನ್ಲೆಂಡಿನಲ್ಲಿ ಯಾರು ಕೂತು ಇದನ್ನು ತೀರ್ಮಾನ ಮಾಡುತ್ತಾರೆ? ಅವರ ಮನೆಯಲ್ಲಿ ಮಕ್ಕಳು ಕೆಮ್ಮುವುದಿಲ್ಲವೇ?

ನೀನು ಏನು ಕೇಳಿದರೂ, "ಅದನ್ನ ನಾನು ಹೇಳೋ ಹಾಗಿಲ್ಲ, ರುಜು ಹಾಕಿ ಕೊಟ್ಟಿದ್ದೀನಿ" ಎನ್ನುತ್ತೀಯ. ನನ್ನ ಮೊಮ್ಮಗಳ ಸುದ್ದಿ ನನಗೆ ಹೇಳದಿರಲು ರುಜು! ಇರಲಿ. ಅದೊಂದಕ್ಕೆ ನಿನ್ನ ಮೇಲೆ ನಂಬಿಕೆ ಬಂತು, ಲ್ಯೂಲಿಗೂ ಒಂದು ರುಜು ಹಾಕಿಸಿದ್ದರೆ ಚೆನ್ನಾಗಿತ್ತು. ರುಜುವಿನ ಹೊರಗಿನ ಮಾತು ಒಂದೇ ಒಂದು ಕೇಳುತ್ತೇನೆ.

ಡಿಸೆಂಬರಿನ ಎರಡನೆಯ ಶನಿವಾರ ಪೀಯಾ ನಿನ್ನಲ್ಲಿರುತ್ತಾಳೆ. ಹೆದರಬೇಡ, ನಾನು ನಿನ್ನಲ್ಲಿಗೆ ಬರುವುದಿಲ್ಲ. ಮಾರ್ಕೆತ್ತಾಳ ಮನೆಗೆ ಹೋಗಬೇಕೆಂದಿದ್ದೇನೆ. ಬಾಗಿಲು ತೆಗೆದು ಅವಳು ಮತ್ತೆ ಮಲಗಲಿ. ನಾನು ಅಡುಗೆಮನೆಯಲ್ಲಿ ಒಳಗೆ ಮೀನು ತುಂಬಿದ ಒಂದು ರೊಟ್ಟಿ ಬೇಯಿಸುತ್ತೇನೆ, ಬಟ್ಟೆ ಮಡಿಸುತ್ತೇನೆ, ಅವಳು ಏಳುವ ಮೊದಲು ಬಸ್ಸು ಹಿಡಿಯುತ್ತೇನೆ. ಬಾಯಿ ಬಿಡುವುದಿಲ್ಲ. ನಿನಗೆ ನಗು ಬರುತ್ತಿದೆ, ನನಗೆ ಗೊತ್ತು. ನನಗೂ ನಂಬಿಕೆಯಿಲ್ಲ. ಈ ವಾರ ಬೆಕ್ಕಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಅದು ಹಾಲು ಚೆಲ್ಲಿದಾಗ ಒಂದು ಸಲ ಸುಮ್ಮನಿದ್ದೆ. ಎರಡನೆಯ ಸಲ ಆಗಲಿಲ್ಲ.

ಆದರೆ ಇದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ. ಅವಳ ವಿಶ್ರಾಂತಿಯ ದಿನ ತಾಯಿ ಮನೆಗೆ ಬಂದರೆ ಅದು ವಿಶ್ರಾಂತಿಯ ಲೆಕ್ಕಕ್ಕೆ ಬರುತ್ತದೆಯೇ? ಕಚೇರಿಯವರು, ಹಾಗಾದರೆ ನಿಮಗೆ ತಾಯಿಯ ಆಸರೆ ಇದೆಯಲ್ಲ, ಇನ್ನು ಐಲಾ ಬೇಡ ಎಂದು ಇರುವುದನ್ನೂ ನಿಲ್ಲಿಸಿಬಿಟ್ಟರೆ? ನಾನು ಒಂದು ರೊಟ್ಟಿ ಬೇಯಿಸಿದ್ದಕ್ಕೆ ಅವಳ ನಿದ್ದೆ ಹೋದರೆ? ಅದಾಗುವುದಾದರೆ ನಾನು ಇಲ್ಲೇ ಬೆಕ್ಕಿನ ಜೊತೆ ಇರುತ್ತೇನೆ. ಮಗು ನಿನ್ನ ಮನೆಯಲ್ಲಿ ಬೂಟು ಹಾಕಿಕೊಂಡು ಓಡಾಡಲಿ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ದೊಡ್ಡ ಕಾಲುಚೀಲಗಳನ್ನು ಬಿಚ್ಚಿ ನೂಲು ಮಾಡಬೇಡ, ನೀನು ಹಾಕಿಕೋ. ಅಂದು ನಿನ್ನ ಹಿಮ್ಮಡಿ ನೋಡಿದೆ, ಒಡೆದಿದೆ. ರಾತ್ರಿ ಕೊಬ್ಬು ಹಚ್ಚಿ ಮಲಗು.

ಬಯ್ದದ್ದೆಲ್ಲ ನಿಜ, ಆದರೆ ಅಷ್ಟೇ ಅಲ್ಲ ಎಂದು ತಿಳಿಯುವವಳು,

ಪೀಯಾಳ ಅಜ್ಜಿ
ಸೈಮಿ ಕ್ಯುಲ್ಲೊನೆನ್

ಮರೆತದ್ದು: ನಿನ್ನ ಅಡುಗೆಮನೆಯ ಮೊಳೆಯಲ್ಲಿ ಹಸಿರು ದಾರ ಕಟ್ಟಿದ ಬೀಗದ ಕೈ ನೇತಾಡುತ್ತಿತ್ತು. ಅದು ಮಾರ್ಕೆತ್ತಾಳ ಮನೆಯದು, ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ದಾರ ಕಟ್ಟಿದವಳು ನಾನು. ಅದು ನನ್ನ ಹತ್ತಿರವೇ ಇತ್ತು. ಹೋದ ಚಳಿಗಾಲ ಅವಳು ಕೆಲಸಕ್ಕೆ ಹೋದಾಗ ನಾನು ಒಳಗೆ ಹೋಗಿ ಅವಳ ಬೀರುಗಳನ್ನೆಲ್ಲ ನನ್ನ ಮನಸ್ಸಿಗೆ ಬಂದ ಹಾಗೆ ಜೋಡಿಸಿಟ್ಟೆ. ಆಮೇಲೆ ಅವಳು ಅದನ್ನು ನನ್ನಿಂದ ವಾಪಸು ಇಸಿದುಕೊಂಡಳು. ಆದ್ದರಿಂದ ಕನಿಕರಪಟ್ಟು ಅದನ್ನು ಲಕೋಟೆಯಲ್ಲಿ ಹಾಕಿ ಕಳಿಸಿಬಿಡಬೇಡ. ಕಳಿಸಿದರೆ ನಾನು ಬೀಗ ತೆಗೆದು ಹೋಗಿಯೇ ಬಿಡುತ್ತೇನೆ, ನನ್ನ ಗುಣ ನನಗೆ ಗೊತ್ತು. ನಾನು ಹೊರಗೆ ನಿಂತು ಬಾಗಿಲು ತಟ್ಟಬೇಕು. ತಟ್ಟಿದರೆ ಅವಳು ತೆಗೆಯುತ್ತಾಳೋ ಇಲ್ಲವೋ, ಅಷ್ಟನ್ನು ಅವಳನ್ನೇ ಕೇಳಿ, ಡಿಸೆಂಬರ್ ಹುಟ್ಟುವುದರೊಳಗೆ ಬರೆದು ಹಾಕು.